ಎರೆಹೊಲದ ಇಬ್ಬನಿ, ಕಡಲೆಯ ಹುಳಿ

ಡಿಸೆಂಬರ್ ಕೊನೆಯಲ್ಲಿ ಗದಗಕ್ಕೆ ಹೋದಾಗ ವೀರನಾರಾಯಣನ ಗುಡಿ, ತ್ರಿಕೂಟೇಶ್ವರ, ಲಕ್ಕುಂಡಿ ಎಲ್ಲವನ್ನೂ ನೋಡಿದೆವು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯ ಮುಂದೆ ಎಷ್ಟು ಹೊತ್ತು ನಿಂತರೂ ತೃಪ್ತಿಯಾಗುವುದಿಲ್ಲ. ಆದರೂ ಈ ಪ್ರವಾಸವನ್ನು ನೆನೆದಾಗಲೆಲ್ಲ ಮೊದಲು ಕಣ್ಣ ಮುಂದೆ ಬರುವುದು ಗೆಳೆಯನ ಅಜ್ಜಿಯ ಕಡಲೆ ಹೊಲ, ಅದರ ಮೇಲೆ ಹಾಸಿದ್ದ ಒಂದು ಬಿಳಿಯ ಧೋತರ.

ಆ ಹೊಲವನ್ನು ಒಂದು ದಿನ ಮೊದಲೇ ನೋಡಬೇಕಿತ್ತು. ನಾವು ಇಳಿದುಕೊಂಡಿದ್ದ ವಸತಿಗೃಹದವರು ಬೆಳಗಿನ ಐದಕ್ಕೆ ಬಾಗಿಲು ತೆರೆಯುವುದಾಗಿ ಮಾತು ಕೊಟ್ಟು, ಶಟರಿಗೆ ಬೀಗ ಹಾಕಿಕೊಂಡು ಮಲಗಿಬಿಟ್ಟರು. ಕಾವಲುಗಾರ ಎದ್ದು ಬೀಗ ತೆಗೆದು, ನಾವು ಹೊಲ ಮುಟ್ಟುವಷ್ಟರಲ್ಲಿ ಬಿಸಿಲೇರಿ ಎಲೆಗಳೆಲ್ಲ ಆರಿಹೋಗಿದ್ದವು. ಇಬ್ಬನಿ ನೋಡಲು ಹೋಗುವವರು ಊರೊಳಗೆ ಉಳಿಯದೆ, ಸಾಧ್ಯವಾದರೆ ಹೊಲದ ಸಮೀಪದ ಮನೆಯಲ್ಲೇ ಮಲಗುವುದು ಲೇಸು. ಆ ರಾತ್ರಿ ನಾವು ಹಾಗೆಯೇ ಮಾಡಿದೆವು. ಅಜ್ಜಿ ಬಡಿಸಿದ ಜೋಳದ ರೊಟ್ಟಿ, ಕಡಲೆ ಕುಡಿಯ ಪಲ್ಯಗಳ ಮುಂದೆ ಪೇಟೆಯ ಖಾನಾವಳಿಯ ಊಟ ಸಪ್ಪೆಯೆನಿಸಿತು.

ಮರುದಿನ ನಸುಕಿನಲ್ಲಿ ಅಜ್ಜಿ ನಮ್ಮನ್ನು ಹೊಲಕ್ಕೆ ಕರೆದೊಯ್ದರು. ಹಿಂದಿನ ಸಂಜೆ ಕಡಲೆ ಗಿಡಗಳ ಮೇಲೆ ಹಾಸಿದ್ದ ಧೋತರ ತೊಯ್ದು ಭಾರವಾಗಿತ್ತು. ಅದನ್ನು ಎತ್ತಿ ಹಿಂಡಿದಾಗ ಪಿಂಗಾಣಿ ಬಟ್ಟಲಿಗೆ ಇಳಿದ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಹಲ್ಲು ಚುಳ್ಳೆನ್ನುವಷ್ಟು ಹುಳಿ! ಹೊಲದ ಅಂಚಿನಲ್ಲಿ ಬೇವಿನ ಮರವೊಂದಿತ್ತು. ಅದರ ಕೆಳಗೂ ಕಡಲೆ ಸೊಂಪಾಗಿಯೇ ಬೆಳೆದಿತ್ತು.

"ಅಲ್ಲಿಯೂ ಒಂದು ಬಟ್ಟೆ ಹಾಸಬಹುದಿತ್ತಲ್ಲ ಅಜ್ಜಿ?" ಎಂದು ಕೇಳಿದೆ.

"ಗಿಡದ ಬುಡಕ ಇಬ್ಬನಿ ಬೀಳಂಗಿಲ್ಲ ತಮ್ಮಾ. ಮ್ಯಾಲ ಆಕಾಶ ಕಾಣಬೇಕು. ಮೋಡ ಮುಚ್ಚಿದ ರಾತ್ರಿನೂ ಅಷ್ಟ, ಗಾಳಿ ಬಿಟ್ಟ ರಾತ್ರಿನೂ ಅಷ್ಟ, ಅರಿವಿ ಒಣಗೇ ಇರತೈತಿ."

ಹೋಗಿ ಮುಟ್ಟಿ ನೋಡಿದೆ. ಬೇವಿನ ಹಂದರದ ಅಡಿಯ ಎಲೆಗಳಲ್ಲಿ ಪಸೆ ಮಾತ್ರವಿತ್ತು. ನಾಲ್ಕು ಹೆಜ್ಜೆ ಆಚೆ ಬಯಲಿನಲ್ಲಿ ಅಂಗೈ ಪೂರ್ತಿ ಒದ್ದೆಯಾಯಿತು. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ಲಂಡನ್ನಿನಲ್ಲಿ ಉಣ್ಣೆಯ ತುಣುಕುಗಳನ್ನು ರಾತ್ರಿಯಿಡೀ ಹಲಗೆಯ ಮೇಲೂ ಅಡಿಯಲ್ಲೂ ಇಟ್ಟು, ಬೆಳಗ್ಗೆ ತೂಗಿ ನೋಡಿ, 1814ರಲ್ಲಿ ಪ್ರಕಟಿಸಿದ ವಿಷಯವೂ ಇದೇ: ಆಕಾಶಕ್ಕೆ ತೆರೆದುಕೊಂಡ ತುಣುಕೇ ಹೆಚ್ಚು ತೊಯ್ದಿರುತ್ತಿತ್ತು. ಎಲೆ ತನ್ನ ಶಾಖವನ್ನು ರಾತ್ರಿ ಅತಿಗೆಂಪು ಕಿರಣಗಳಾಗಿ ಆಕಾಶದತ್ತ ಸೂಸುತ್ತದೆ. ಆಕಾಶ ನಿರ್ಮಲವಾಗಿದ್ದರೆ ಅಲ್ಲಿಂದ ಹಿಂದಿರುಗುವ ಶಾಖ ಕಡಿಮೆ, ತೆಳುವಾದ ಎಲೆಗೆ ನೆಲದ ಶಾಖವೂ ಹೆಚ್ಚು ದಕ್ಕುವುದಿಲ್ಲ. ಹೀಗಾಗಿ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಮೈ ಬೆವರುವಂತೆ ಗಾಳಿಯ ಆವಿ ಅದರ ಮೇಲೆ ಹನಿಗಟ್ಟುತ್ತದೆ. ಮರ, ಮೋಡಗಳು ಶಾಖವನ್ನು ಎಲೆಗೆ ಮರಳಿಸುತ್ತವೆ. ಗಾಳಿ ಬೀಸಿದರೆ ಎಲೆಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಅಜ್ಜಿಯ ಒಂದೊಂದು ಮಾತಿಗೂ ಹೀಗೆ ಆಧಾರವಿತ್ತು. ಬದುಕಿಡೀ ಹೊಲ ನೋಡಿದವರ ತಿಳಿವಿನ ಬಗ್ಗೆ ನನಗಿದ್ದ ಗೌರವ ಅಲ್ಲಿ ಇಮ್ಮಡಿಸಿತು.

ಬದುವಿನಾಚೆ ಕೊಳವೆಬಾವಿಯ ನೀರು ಹಾಯಿಸಿದ ಎಳೆಯ ಮೆಕ್ಕೆಜೋಳವಿತ್ತು. ಅಲ್ಲಿಯೂ ಹನಿಗಳಿದ್ದವು, ಆದರೆ ಅವು ಬೇರೆ ಜಾತಿಯವು: ಎಲೆಯ ತುದಿಯಲ್ಲಿ ಒಂದೊಂದು ದಪ್ಪ ಹನಿ, ಅಂಚಿನುದ್ದಕ್ಕೂ ಪೋಣಿಸಿದಂತೆ ಚಿಕ್ಕವು. ಒಂದೆಲೆಯನ್ನು ಪೂರ್ತಿ ಒರೆಸಿ ಕಾದೆವು. ಎಲೆಯ ನಡುಭಾಗ ಒಣಗಿಯೇ ಉಳಿಯಿತು, ತುದಿಯಲ್ಲಿ ಮಾತ್ರ ಹೊಸ ಹನಿ ಮೆಲ್ಲಗೆ ಉಬ್ಬಿ ಬಂತು. ಅದು ಬೇರಿನಿಂದ ಬಂದ ನೀರು. ರಾತ್ರಿ ಪತ್ರರಂಧ್ರಗಳು ಮುಚ್ಚಿದ್ದರೂ ಹಸಿ ನೆಲದ ಬೇರುಗಳು ನೀರು ಹೀರುತ್ತಲೇ ಇರುತ್ತವೆ. ಆ ಒತ್ತಡಕ್ಕೆ ಎಲೆಯಂಚಿನ ಸೂಕ್ಷ್ಮ ಜಲರಂಧ್ರಗಳಿಂದ ನೀರು ಹೊರಬರುತ್ತದೆ. ಅದರಲ್ಲಿ ಲವಣ, ಸಕ್ಕರೆಯ ಅಂಶಗಳೂ ಕರಗಿರುವುದರಿಂದ ಒಣಗಿದ ಮೇಲೆ ಕೆಲವೊಮ್ಮೆ ಬಿಳಿಯ ಕಲೆ ಉಳಿಯುತ್ತದೆ.

ಕಡಲೆಯ ಹುಳಿ ಈ ಎರಡಕ್ಕಿಂತಲೂ ಭಿನ್ನ. ಅದರ ಎಲೆ, ಕಾಂಡ, ಕಾಯಿಗಳನ್ನೆಲ್ಲ ಮುಚ್ಚಿರುವ ನವಿರಾದ ಗ್ರಂಥಿರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಕಾಯಿಕೊರಕ ಹುಳುವಿನ ವಿರುದ್ಧ ಗಿಡಕ್ಕಿರುವ ರಕ್ಷಣೆಯದು. ರಾತ್ರಿಯ ಇಬ್ಬನಿ ಆ ಹುಳಿಯನ್ನು ಕರಗಿಸಿಕೊಂಡು ಬಟ್ಟೆಗಿಳಿಯುತ್ತದೆ. ಅಜ್ಜಿ ಅದನ್ನು ಗಾಜಿನ ಸೀಸೆಯಲ್ಲಿಟ್ಟು, ಹೊಟ್ಟೆನೋವು, ಅಜೀರ್ಣ ಎಂದವರಿಗೆ ನೀರಿನಲ್ಲಿ ಕೆಲವು ಹನಿ ಬೆರೆಸಿ ಕೊಡುತ್ತಾರೆ. ಆಕ್ಸಾಲಿಕ್ ಆಮ್ಲವಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಇದರಿಂದ ದೂರವಿರುವುದೇ ಒಳ್ಳೆಯದು.

ಚರ್ಮದ ಪಾದರಕ್ಷೆ ಹಾಕಿಕೊಂಡು ಕಡಲೆ ಹೊಲಕ್ಕೆ ಇಳಿಯಬೇಡಿ, ಹುಳಿ ಅದನ್ನು ತಿನ್ನುತ್ತದೆ. ಬರಿಗಾಲಿನಲ್ಲಿ ನಡೆದರೆ ಒಡೆದ ಹಿಮ್ಮಡಿ ಉರಿಯುತ್ತದೆ. ಮಳೆ ಬಿದ್ದಿದ್ದರೆ ಹುಳಿ ತೊಳೆದುಹೋಗಿರುತ್ತದೆ, ಕೆಲವು ದಿನ ಬಿಟ್ಟು ಹೋಗಿ. ಸಂಕ್ರಾಂತಿಯ ಒಳಗೆ ಹೋಗುವುದು ಉತ್ತಮ. ಕಾಯಿ ಬಲಿತು ಗಿಡ ಒಣಗತೊಡಗಿದರೆ ಅರಿವೆಗೆ ಹುಳಿ ಹತ್ತುವುದಿಲ್ಲ ಎಂದು ಅಜ್ಜಿ ಹೇಳಿದರು.