ಯಾವ ದೇಹಕ್ಕೆ ಯಾವ ಅಭ್ಯಾಸ: ಆಯುರ್ವೇದದೊಡನೆ ಯೋಗ

ಆಯುರ್ವೇದದ ಔಷಧ ತೆಗೆದುಕೊಳ್ಳುತ್ತಾ ಜೊತೆಗೆ ಯೋಗವನ್ನೂ ಮಾಡುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಬೆಳಿಗ್ಗೆ ಕಷಾಯ ಕುಡಿದು, ಸಂಜೆ ಮೊಬೈಲಿನಲ್ಲಿ ಕಂಡ ಆಸನಗಳನ್ನು ಮಾಡಿಬಿಟ್ಟರೆ ಎರಡೂ ಕೂಡಿದಂತಾಯಿತೆಂದು ಅವರು ನಂಬುತ್ತಾರೆ. ಆದರೆ ವೈದ್ಯರು ರೋಗಿಯ ಪ್ರಕೃತಿ (ಹುಟ್ಟಿನಿಂದ ಬಂದ ದೇಹಸ್ವಭಾವ), ಜಠರಾಗ್ನಿ (ಜೀರ್ಣಶಕ್ತಿ), ವಯಸ್ಸು, ಋತು ಎಲ್ಲವನ್ನೂ ನೋಡಿ ಔಷಧ ಕೊಡುತ್ತಿರುವಾಗ, ಯೋಗಾಭ್ಯಾಸವನ್ನು ಮಾತ್ರ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಹಳೆಯ ಗ್ರಂಥಗಳೂ ಹಾಗೆ ಹಂಚಲಿಲ್ಲ. ಸ್ವಾತ್ಮಾರಾಮನ ಯೋಗಗ್ರಂಥವಾದ ಹಠಯೋಗಪ್ರದೀಪಿಕೆಯ ಎರಡನೆಯ ಅಧ್ಯಾಯವು ಧೌತಿ, ಬಸ್ತಿ, ನೇತಿ ಮೊದಲಾದ ಷಟ್ಕರ್ಮಗಳನ್ನು, ಅಂದರೆ ದೇಹಶುದ್ಧಿಯ ಆರು ಕ್ರಿಯೆಗಳನ್ನು, ಮೇದಸ್ಸು (ಕೊಬ್ಬು) ಮತ್ತು ಕಫ ಹೆಚ್ಚಾಗಿರುವವರು ಪ್ರಾಣಾಯಾಮಕ್ಕೆ ಮೊದಲು ಮಾಡಬೇಕೆಂದು ಹೇಳಿ, ವಾತ, ಪಿತ್ತ, ಕಫವೆಂಬ ದೋಷಗಳು ಸಮವಾಗಿರುವ ಉಳಿದವರು ಅವುಗಳನ್ನು ಆಚರಿಸಬೇಕಾಗಿಲ್ಲವೆಂದು ಅಲ್ಲಿಯೇ ಸ್ಪಷ್ಟಪಡಿಸುತ್ತದೆ. ಅದೇ ಅಧ್ಯಾಯದಲ್ಲಿ ಪ್ರಾಣಾಯಾಮದ ಬಗೆಗಳಾದ ಸೂರ್ಯಭೇದನವನ್ನು ವಾತದೋಷಕ್ಕೆ, ಉಜ್ಜಾಯಿಯನ್ನು ಕಂಠದ ಕಫಕ್ಕೆ, ಶೀತಲಿಯನ್ನು ಪಿತ್ತಕ್ಕೆ ಹೇಳಲಾಗಿದೆ. ಇದು ವೈದ್ಯನ ಭಾಷೆಯೇ ಸರಿ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯವಾದರೋ, ಬಲವಂತರೂ ಜಿಡ್ಡಿನ ಆಹಾರ ಉಣ್ಣುವವರೂ ಆದವರು ಸಹ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಮಾಡಬೇಕು ಎನ್ನುತ್ತದೆ; ಅಜೀರ್ಣವಿದ್ದವರಿಗೆ ಬೇಡವೇ ಬೇಡವೆನ್ನುತ್ತದೆ. ಊಟದ ವಿಷಯದಲ್ಲಂತೂ ಎರಡು ಗ್ರಂಥಗಳೂ ಹೊಟ್ಟೆಯ ನಾಲ್ಕನೆಯ ಒಂದು ಭಾಗವನ್ನು ಖಾಲಿ ಬಿಡುವಂತೆ ಹೇಳುತ್ತವೆ.

ಇದರ ಅರ್ಥ ನನಗೆ ಚೆನ್ನಾಗಿ ಮನದಟ್ಟಾದದ್ದು ತಾಯಿಯವರ ಸೊಂಟನೋವಿಗೆ ಕಟಿಬಸ್ತಿ ಮಾಡಿಸಿದಾಗ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೋರಲು ಮಲಗಿದವರ ಸೊಂಟದ ಮೇಲೆ ಕಟ್ಟೆಯಂತೆ ಕಟ್ಟಿ, ಚರ್ಮಕ್ಕೆ ಅಂಟಿದ ಅಂಚನ್ನು ಒದ್ದೆ ಬೆರಳಿನಿಂದ ಸವರಿ ಬಿರುಕು ಮುಚ್ಚುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದ ತೈಲವನ್ನು ಅದರೊಳಗೆ ನಿಧಾನವಾಗಿ ಸುರಿಯುತ್ತಾರೆ. ತೈಲ ಆರುತ್ತಾ ಬಂದಂತೆ ಹತ್ತಿಯಿಂದ ಸ್ವಲ್ಪ ಸ್ವಲ್ಪವೇ ಹೀರಿ ಬಟ್ಟಲಿಗೆ ಹಿಂಡಿ, ಅಷ್ಟೇ ಪ್ರಮಾಣದ ಬಿಸಿ ತೈಲವನ್ನು ಮತ್ತೆ ತುಂಬುತ್ತಾರೆ. ಆ ದಿನಗಳಲ್ಲಿ ಚಿಕಿತ್ಸೆ ನಡೆದಲ್ಲಿನ ಯೋಗ ಶಿಕ್ಷಕಿ ತಾಯಿಯವರಿಗೆ ಕಲಿಸಿದ್ದು ಮಕರಾಸನ, ಶವಾಸನ, ದೀರ್ಘ ಉಸಿರಾಟ ಮತ್ತು ಮಗ್ಗುಲಿಗೆ ಹೊರಳಿ ಕೈಯೂರಿ ಏಳುವ ಕ್ರಮ, ಅಷ್ಟೇ. ಮುಂದಕ್ಕೆ ಬಾಗುವ ಆಸನಗಳನ್ನು ಸಂಪೂರ್ಣವಾಗಿ ಬಿಡಿಸಿದ್ದರು. ಶಾಖ ಮತ್ತು ಎಣ್ಣೆಯಿಂದ ಬಿಗಿತ ಸಡಿಲವಾಯಿತೆಂದು ವೈದ್ಯರು ಹೇಳಿದ ಮೇಲೆಯೇ ಭುಜಂಗಾಸನವನ್ನು, ಅದೂ ಹೊಕ್ಕುಳು ನೆಲ ಬಿಡದಷ್ಟು ಮಾತ್ರ, ಸೇರಿಸಿದರು. ಇಬ್ಬರೂ ಒಂದೇ ರೋಗಿಯ ಬಗ್ಗೆ ಮಾತನಾಡಿಕೊಂಡು ನಿರ್ಧರಿಸುತ್ತಿದ್ದ ಆ ಪದ್ಧತಿಯನ್ನೇ ನಾನು ನಿಜವಾದ ಸಂಯೋಜನೆ ಎಂದು ಕರೆಯುತ್ತೇನೆ.

ಆಯುರ್ವೇದದ ಶೋಧನ ಚಿಕಿತ್ಸೆಯಾದ ಪಂಚಕರ್ಮದ ಸಂದರ್ಭದಲ್ಲಿ ಈ ಹೊಂದಾಣಿಕೆ ಇನ್ನೂ ಮುಖ್ಯವಾಗುತ್ತದೆ. ವಿರೇಚನವಾದ (ಭೇದಿ ಮಾಡಿಸಿದ) ಮೇಲೆ ಅಗ್ನಿ ಮಂದವಾಗಿರುವುದರಿಂದ ಸಂಸರ್ಜನವೆಂಬ ಪಥ್ಯಕ್ರಮದಲ್ಲಿ, ಶುದ್ಧಿಯ ಮಟ್ಟಕ್ಕೆ ತಕ್ಕಂತೆ 3, 5 ಅಥವಾ 7 ದಿನ, ಗಂಜಿಯಂತಹ ಪೇಯದಿಂದ ಆರಂಭಿಸಿ ವಿಲೇಪಿ (ಗಟ್ಟಿ ಗಂಜಿ), ಯೂಷ (ಬೇಳೆಯ ಸಾರು) ಇವುಗಳ ಮೂಲಕ ಮಾಮೂಲಿ ಊಟಕ್ಕೆ ಮರಳಿಸುತ್ತಾರೆ. ತೆಳುಗಂಜಿ ಕುಡಿದು ಮಲಗಿರಬೇಕಾದ ಅಂತಹ ದಿನಗಳಲ್ಲಿ ಸೂರ್ಯನಮಸ್ಕಾರದ ಎಣಿಕೆಯನ್ನು ತಪ್ಪಿಸಬಾರದೆಂದು ಹಟ ಹಿಡಿಯುವವರನ್ನು ಕಂಡರೆ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಕರ್ನಾಟಕದಲ್ಲಿ ಈ ಎರಡು ವಿದ್ಯೆಗಳಿಗೂ ಗಟ್ಟಿಯಾದ ನೆಲೆಯಿದೆ. ಮೈಸೂರಿನಲ್ಲಿ ಆಯುರ್ವೇದ ಕಾಲೇಜು 1908ರಲ್ಲಿಯೇ ಆರಂಭವಾಯಿತು; ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಯುರ್ವೇದ ಮತ್ತು ಯೋಗ ಚಿಕಿತ್ಸೆಗಳು ಆಧುನಿಕ ಮನೋವೈದ್ಯಕೀಯದ ಜೊತೆಗೇ ದೊರೆಯುವಂತೆ ಪ್ರತ್ಯೇಕ ವಿಭಾಗವಿದೆ.

ಆಧುನಿಕ ವೈದ್ಯರನ್ನು ಈ ಮಾತುಕತೆಯಿಂದ ಹೊರಗಿಡಬಾರದೆಂಬುದನ್ನೂ ಒತ್ತಿ ಹೇಳಬೇಕಾಗಿದೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದ್ರೋಗಿಗಳು, ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ರಭಸವಾಗಿ ಉಸಿರು ಹೊರದೂಡುವ ಕಪಾಲಭಾತಿಯನ್ನು ಮಾಡಬಾರದು. ಸಕ್ಕರೆ ಕಾಯಿಲೆಯವರು ಪಥ್ಯ ಮತ್ತು ಅಭ್ಯಾಸಗಳನ್ನು ಆರಂಭಿಸಿದ ಮೇಲೆ ಸಕ್ಕರೆಯ ಪ್ರಮಾಣ ಇಳಿಯಬಹುದು. ಆಗ ಹಳೆಯ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿ ತಲೆಸುತ್ತು, ನಡುಕ, ಬೆವರು ಕಾಣಿಸಿಕೊಳ್ಳುವ ಅಪಾಯವಿರುತ್ತದೆ. ಹಾಗೆಂದು ತಾವಾಗಿಯೇ ಇನ್ಸುಲಿನ್ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ. ಮನೆಯಲ್ಲಿ ನೋಡಿದ ಸಕ್ಕರೆಯ ಪ್ರಮಾಣವನ್ನು, ಅಂದಿನ ಊಟ ಮತ್ತು ಅಭ್ಯಾಸಗಳ ವಿವರದೊಡನೆ ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಅದನ್ನು ಆಯುರ್ವೇದ ವೈದ್ಯರಿಗೂ ಯೋಗ ಶಿಕ್ಷಕರಿಗೂ ಇನ್ಸುಲಿನ್ ಬರೆದುಕೊಟ್ಟ ವೈದ್ಯರಿಗೂ ತೋರಿಸಬೇಕು. ಪ್ರಮಾಣವನ್ನು ಇಳಿಸುವ ನಿರ್ಧಾರ ಮಾತ್ರ ಕೊನೆಯವರದೇ ಆಗಿರಬೇಕು.