ಉಡಿಯ ಕೊಬ್ಬರಿ ಮತ್ತು ಎಕ್ಸ್-ರೇ ಯಂತ್ರ: ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೊರಡುವವರಿಗೆ

ತಂಗಿಯ ಎರಡನೆಯ ಮಗುವಿನ ತೊಟ್ಟಿಲ ಕಾರ್ಯಕ್ರಮಕ್ಕೆಂದು ಕಳೆದ ಚಳಿಗಾಲದಲ್ಲಿ ಅವ್ವನನ್ನು ಕರೆದುಕೊಂಡು ಗದಗಿನಿಂದ ಹೊರಟು, ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ ದೆಹಲಿಗೆ ಹೋಗಿಬಂದೆ. ಅವ್ವನಿಗೆ ಅದು ಮೊದಲ ವಿಮಾನಯಾನ. ಭದ್ರತಾ ತಪಾಸಣೆ ಎಂದರೆ ಯಂತ್ರದ ಬಾಗಿಲು ದಾಟುವ ಕೆಲಸವಷ್ಟೇ ಎಂದು ನಾನು ತಿಳಿದಿದ್ದೆ. ನಿಜವಾದ ತಪಾಸಣೆ ಹಿಂದಿನ ರಾತ್ರಿ ನಮ್ಮ ಪಡಸಾಲೆಯಲ್ಲೇ ನಡೆಯಬೇಕಿತ್ತೆಂಬುದು ಹುಬ್ಬಳ್ಳಿ ತಲುಪಿದ ಮೇಲೆ ತಿಳಿಯಿತು.

ಮಗಳ ಮನೆಗೆ ಹೋಗುವ ತಾಯಿಯ ಚೀಲದಲ್ಲಿ ಏನೇನಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಡಿ ತುಂಬಲು ಅಕ್ಕಿ, ಕುಬಸದ ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು. ಪೂಜೆಗೆ ಕರ್ಪೂರ, ಕಡ್ಡಿಪೆಟ್ಟಿಗೆ, ಊದಿನಕಡ್ಡಿ. ಬಾಣಂತಿಗೆ ತುಪ್ಪ, ಅಂಟಿನುಂಡಿ. ಇವುಗಳ ಜೊತೆಗೆ ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ಮತ್ತು ಅವ್ವನ ಅಡಕೊತ್ತು. ಲಗೇಜಿಗೆ ಹಾಕುವ ಚೀಲವನ್ನು ಎಕ್ಸ್-ರೇ ಯಂತ್ರದೊಳಗೆ ಬಿಟ್ಟ ಕೂಡಲೇ ಸಿಬ್ಬಂದಿ ಅದನ್ನು ಬದಿಗೆ ತೆಗೆದಿರಿಸಿ, ಬಿಚ್ಚಿ ತೋರಿಸುವಂತೆ ಹೇಳಿದರು. ಕರ್ಪೂರ ಮತ್ತು ಕಡ್ಡಿಪೆಟ್ಟಿಗೆ ಬೇಗ ಬೆಂಕಿ ಹಿಡಿಯುವ ವಸ್ತುಗಳಾದ್ದರಿಂದ ಅವುಗಳಿಗೆ ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಜಾಗವಿಲ್ಲ. ಅವನ್ನು ತೆಗೆದಿಡುವಾಗ ಅವ್ವ ಏನೂ ಹೇಳಲಿಲ್ಲ. ಕೊಬ್ಬರಿಗೆ ಕೈ ಹಾಕಿದಾಗ ಮಾತ್ರ, ‘ಉಡಿಯಾಗಿನ ಕೊಬ್ಬರಿ ತಗಿತಾರೇನಪಾ? ಅದೇನು ಬಾಂಬ್ ಐತೇನು?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು. ಅಲ್ಲಿದ್ದವರು ನಕ್ಕು ಸುಮ್ಮನಾದರು. ಆದರೂ ವಿಮಾನ ನಿಲ್ದಾಣದಲ್ಲಿ ಆ ಶಬ್ದವನ್ನು ತಮಾಷೆಗೂ ಆಡಬಾರದೆಂದು ಹಿರಿಯರಿಗೂ ಮಕ್ಕಳಿಗೂ ಮನೆಯಲ್ಲೇ ಹೇಳಿ ಕರೆತನ್ನಿರಿ. ಅಂಥ ಮಾತಿನಿಂದ ಪ್ರಯಾಣ ನಿಂತುಹೋಗಬಹುದು, ಪೊಲೀಸ್ ಪ್ರಕರಣವೂ ಆಗಬಹುದು.

ಕೊಬ್ಬರಿಯ ವಿಷಯದಲ್ಲಿ ಸಿಬ್ಬಂದಿಯ ಮಾತೇ ಸರಿ. ಎಣ್ಣೆಯ ಅಂಶ ಹೆಚ್ಚಾಗಿರುವ ಒಣ ಕೊಬ್ಬರಿಯು ಗಾಳಿಯಾಡದ ಜಾಗದಲ್ಲಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಗುಣವುಳ್ಳದ್ದೆಂದು ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲೇ ಸೇರಿದೆ, ಮತ್ತು 2022ರಿಂದ ನಮ್ಮ ದೇಶದಲ್ಲಿ ಲಗೇಜಿನ ನಿಷೇಧಿತ ವಸ್ತುಗಳಲ್ಲಿ ಅದನ್ನೂ ಸೇರಿಸಿದ್ದಾರೆ. ಆದ್ದರಿಂದ ಕೊಬ್ಬರಿ, ಕರ್ಪೂರ, ತೆಂಗಿನಕಾಯಿ ಈ ಮೂರನ್ನು ಹೋದ ಊರಿನಲ್ಲೇ ಕೊಳ್ಳುವುದು ಲೇಸು. ಅಕ್ಕಿ, ಖಣ, ಉತ್ತತ್ತಿಗಳಿಗೆ ಯಾರ ತಕರಾರೂ ಇರಲಿಲ್ಲ. ಖಾರದ ಪುಡಿ, ತುಪ್ಪ, ಉಪ್ಪಿನಕಾಯಿ, ಅಡಕೊತ್ತು, ಕತ್ತರಿಗಳು ಲಗೇಜಿನ ಚೀಲದಲ್ಲೇ ಇರಲಿ. ಕಣ್ಣಿಗೆ ಎರಚಬಹುದಾದ ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ತುಪ್ಪದ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಮುಚ್ಚಳ ಹಾಕಿ, ಮತ್ತೊಂದು ಚೀಲದಲ್ಲಿ ಸುತ್ತಿಡಿ. ಧಾರವಾಡ ಪೇಡೆ, ಅಂಟಿನುಂಡಿ, ಕಟಕ ರೊಟ್ಟಿಗಳನ್ನು ನಾವು ಕೈಯಲ್ಲೇ ಒಯ್ದೆವು.

ಪವರ್ ಬ್ಯಾಂಕಿನ ನಿಯಮ ಇದಕ್ಕೆ ತಿರುಗುಮುರುಗು. ಅದನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು, ಸಾಮರ್ಥ್ಯ 100 ವ್ಯಾಟ್-ಅವರ್ ಮೀರಬಾರದು. ಅದರ ಮೇಲೆ 20,000 ಎಂಎಎಚ್ ಎಂದು ಬರೆದಿದ್ದರೆ, 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. ಅಕ್ಷರ ಅಳಿಸಿಹೋದ ಹಳೆಯ ಪವರ್ ಬ್ಯಾಂಕ್ ಇದ್ದರೆ ಮನೆಯಲ್ಲೇ ಬಿಡಿ.

ಲಗೇಜು ಕೊಟ್ಟು ಬೋರ್ಡಿಂಗ್ ಪಾಸ್ ಪಡೆದ ಮೇಲೆ ಬರುವುದು ನಮ್ಮ ಮೈ ಮತ್ತು ಕೈಚೀಲದ ತಪಾಸಣೆ. ಸರದಿಯಲ್ಲಿ ನಿಂತಿರುವಾಗಲೇ ಮೊಬೈಲ್, ಪಾಕೀಟು, ಚಿಲ್ಲರೆ, ಕೀಲಿ, ಬೆಲ್ಟುಗಳನ್ನು ತೆಗೆದು ಕೈಚೀಲದೊಳಗೆ ಹಾಕಿಬಿಟ್ಟರೆ ಟ್ರೇ ಮುಂದೆ ತಡಕಾಡುವುದು ತಪ್ಪುತ್ತದೆ. ಲ್ಯಾಪ್‌ಟಾಪ್ ಮತ್ತು ಪವರ್ ಬ್ಯಾಂಕನ್ನು ಮಾತ್ರ ಹೊರತೆಗೆದು ಬೇರೆ ಟ್ರೇಯಲ್ಲಿ ಇಡಬೇಕು. ಬೋರ್ಡಿಂಗ್ ಪಾಸ್ ಕೈಯಲ್ಲೇ ಇರಲಿ. ನಾನು ಅದನ್ನು ಜಾಕೆಟಿನ ಕಿಸೆಯಲ್ಲಿಟ್ಟು, ಜಾಕೆಟನ್ನು ಟ್ರೇಯಲ್ಲಿಟ್ಟು, ಆಚೆ ಕೇಳಿದಾಗ ಪೆಚ್ಚಾಗಿ ನಿಂತೆ.

ಹೆಂಗಸರ ಸರದಿ ಬೇರೆ. ಪರದೆ ಕಟ್ಟಿದ ಚಿಕ್ಕ ಕೋಣೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ತಾಳಿ, ಬಳೆ, ಕಾಲುಂಗುರ ತೆಗೆಯಬೇಕಾದೀತೆಂಬ ಅವ್ವನ ಭಯ ಸುಳ್ಳಾಯಿತು. ಅವಳ ಬಲ ಮೊಣಕಾಲಿಗೆ ಕೃತಕ ಕೀಲು ಹಾಕಿರುವುದರಿಂದ ಯಂತ್ರ ಸದ್ದು ಮಾಡುವುದು ಖಚಿತವಾಗಿತ್ತು. ಹಾಗಾಗಿ ‘ಮೊಣಕಾಲ ಆಪರೇಷನ್ ಆಗೈತಿ ಅಂತ ಮೊದಲ ಹೇಳವ್ವಾ’ ಎಂದು ಕಲಿಸಿದ್ದೆ. ಅವಳು ಹೇಳಿದಳು, ಅವರು ಕೈಯಂತ್ರ ಆಡಿಸಿ ನೋಡಿ ಬಿಟ್ಟರು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ಜೊತೆಗಿಟ್ಟುಕೊಂಡು, ಯಂತ್ರದ ಬಾಗಿಲಿಗೆ ಹೋಗುವ ಮುನ್ನವೇ ತಿಳಿಸಬೇಕು.

ಸಮಯದ ಬಗ್ಗೆ ಒಂದು ಮಾತು. ಹುಬ್ಬಳ್ಳಿಯ ನಿಲ್ದಾಣ ಚಿಕ್ಕದು, ಗೋಕುಲ ರಸ್ತೆಯಲ್ಲೇ ಇದೆ, ಒಳಗೆ ಹೆಚ್ಚು ನಡೆಯಬೇಕಾಗಿಲ್ಲ. ಆದರೂ ಎರಡು ಗಂಟೆ ಮೊದಲೇ ಹೋದದ್ದರಿಂದ ಚೀಲ ಬಿಚ್ಚಿ ಕಟ್ಟಲು ನಮಗೆ ವ್ಯವಧಾನ ಸಿಕ್ಕಿತು. ಟಿಕೆಟ್ಟಿನಲ್ಲಿರುವ ಹೆಸರು ಆಧಾರ್ ಕಾರ್ಡಿನಲ್ಲಿರುವಂತೆಯೇ ಇದೆಯೇ ಎಂದೂ ನೋಡಿಕೊಳ್ಳಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ.

ಮರಳುವಾಗ ದೆಹಲಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಒಂದಕ್ಕಿಂತ ಹೆಚ್ಚು ಟರ್ಮಿನಲ್‌ಗಳಿರುವುದರಿಂದ ಟಿಕೆಟ್ಟಿನಲ್ಲಿ ಯಾವುದೆಂದು ನೋಡಿಯೇ ಟ್ಯಾಕ್ಸಿ ಹತ್ತಬೇಕು, ಮತ್ತು ಮೂರು ಗಂಟೆ ಮೊದಲೇ ತಲುಪಿದರೆ ಒಳ್ಳೆಯದು. ಹೊರಡುವ ಬೆಳಿಗ್ಗೆ ಬೀಗರ ಮನೆಯಲ್ಲಿ ಅವ್ವನಿಗೆ ಉಡಿ ತುಂಬಿದರು, ಅದರಲ್ಲೂ ಎರಡು ಕೊಬ್ಬರಿ ಬಟ್ಟಲು. ಅವ್ವ ಕಣ್ಣಿಗೊತ್ತಿಕೊಂಡು ಸ್ವೀಕರಿಸಿ, ಒಳಗೆ ಹೋಗಿ ಅವನ್ನು ತಂಗಿಯ ಅಡುಗೆಮನೆಯ ಡಬ್ಬಿಯಲ್ಲಿಟ್ಟು, ಅಕ್ಕಿ, ಖಣಗಳನ್ನಷ್ಟೇ ಕಟ್ಟಿಕೊಂಡು ಬಂದಳು.