ಎಲ್ಲಿಗೆ ಬಂದು ನಿಂತಿದೆ?

16 ನವೆಂಬರ್ 2025, ಭಾನುವಾರ

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಾಗಿನಿಂದ ನನ್ನ ಭಾನುವಾರಗಳು ನನ್ನವಾಗಿ ಉಳಿದಿಲ್ಲ. ಎಲ್ಲರದೂ ಒಂದೇ ಕತೆ. ಲ್ಯಾಪ್‌ಟಾಪ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ, ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅದರಲ್ಲಿಲ್ಲ, ಇದ್ದರೂ ಪ್ರೊಸೆಸರ್ ಹೆಸರು ಪಟ್ಟಿಯಲ್ಲಿಲ್ಲ. ಯಾರೋ ಒಬ್ಬರು ‘ವಿಂಡೋಸಿನ ಬದಲು ಲಿನಕ್ಸ್ ಹಾಕ್ಕೊಳ್ಳಿ, ಆರಾಮಾಗಿರುತ್ತೆ’ ಅಂದಿರುತ್ತಾರೆ. ಅಂದವರು ಅಲ್ಲಿಗೆ ಕೈತೊಳೆದುಕೊಂಡಿರುತ್ತಾರೆ. ಅರ್ಧ ದಾರಿಯಲ್ಲಿ ಕೆಟ್ಟು ನಿಂತಾಗ ಫೋನು ಬರುವುದು ನನಗೆ.

ಫೋನ್ ಎತ್ತಿದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಗೆ ಬಂದು ನಿಂತಿದೆ? ಪೆನ್‌ಡ್ರೈವಿನಿಂದ ಶುರುವೇ ಆಗಲಿಲ್ಲವೋ, ಮೆನು ಬಂದು ಆಮೇಲೆ ಪರದೆ ಕಪ್ಪಾಯಿತೋ, ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುತ್ತಿಲ್ಲವೋ, ಎಲ್ಲ ಮುಗಿದು ರೀಸ್ಟಾರ್ಟ್ ಮಾಡಿದರೆ ನೇರ ವಿಂಡೋಸಿಗೇ ಹೋಗುತ್ತಿದೆಯೋ? ಇವು ನಾಲ್ಕೂ ಬೇರೆಬೇರೆ ಕಾಯಿಲೆ. ‘ಆಗ್ತಿಲ್ಲ’ ಅಂದರೆ ನಾಲ್ಕಕ್ಕೂ ಒಂದೇ ಹೆಸರಿಟ್ಟ ಹಾಗೆ. ಇನ್ನೊಂದು ಮಾತು. ಹೊಸಬರು ‘ಲಿನಕ್ಸಿನ ತೊಂದರೆ’ ಎಂದು ಹೊತ್ತು ತರುವುದರಲ್ಲಿ ಬಹುಪಾಲು ಲಿನಕ್ಸ್ ಇನ್ನೂ ಕಣ್ಣು ಬಿಡುವ ಮೊದಲೇ ಆಗಿರುತ್ತದೆ. ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗಿನಲ್ಲಿ, ಪೆನ್‌ಡ್ರೈವಿನಲ್ಲಿ, ಅಥವಾ ವಿಂಡೋಸ್ ಮೊದಲೇ ಮಾಡಿಟ್ಟ ಯಾವುದೋ ವ್ಯವಸ್ಥೆಯಲ್ಲಿ.

ಬೆಳಿಗ್ಗೆ ಮೊದಲು ಬಂದದ್ದು ನಮ್ಮ ಗಣಿತದ ಮೇಷ್ಟ್ರ ಫೋನು. ನಿವೃತ್ತರಾಗಿ ಬಹಳ ಕಾಲವಾಗಿದೆ, ಲೆಕ್ಕ ಬಿಡಿಸುವ ಶಿಸ್ತು ಮಾತ್ರ ಹಾಗೇ ಇದೆ.

“ಎಲ್ಲಿಗೆ ಬಂದು ನಿಂತಿದೆ ಮೇಷ್ಟ್ರೇ?”

“ಭಾಷೆ ಆರಿಸಿದೆ, ಕೀಬೋರ್ಡ್ ಆರಿಸಿದೆ, ವೈಫೈ ಬಂತು. ಯಾವ ಡಿಸ್ಕಿಗೆ ಹಾಕ್ಲಿ ಅಂತ ಕೇಳೋ ಕಡೆ ನನ್ನ ಪೆನ್‌ಡ್ರೈವ್ ಒಂದೇ ತೋರಿಸ್ತಿದೆ ಕಣಯ್ಯ. ಲ್ಯಾಪ್‌ಟಾಪಿನೊಳಗಿನ ಡಿಸ್ಕೇ ಇಲ್ಲ.”

ಇಂಥ ಒಂದು ವಾಕ್ಯ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆದೇಶ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆಗೆಸಿದೆ. “ಎಲ್, ಎಸ್, ಬಿ, ಎಲ್, ಕೆ ಅಂತ ಟೈಪ್ ಮಾಡಿ. ಎಲ್ಲಾ ಸಣ್ಣಕ್ಷರ, ನಡುವೆ ಜಾಗ ಬೇಡ. ಎಲ್ ಅಂದ್ರೆ ಅಕ್ಷರ, ಒಂದು ಅನ್ನೋ ಅಂಕಿ ಅಲ್ಲ.” ಡಿಸ್ಕುಗಳ ಪಟ್ಟಿ ಬಂತು, ಸಾಲುಸಾಲಾಗಿ ಓದಿದರು. ಎಸ್‌ಡಿಎ ಅಂತ ಒಂದು, ಅದು 16 ಜಿಬಿಯ ಪೆನ್‌ಡ್ರೈವ್. ಲೂಪ್ ಅಂತ ಕೆಲವು, ಅವನ್ನು ಬಿಡಿ ಅಂದೆ. ಎನ್‌ವಿಎಂಇ ಎಂದು ಶುರುವಾಗುವ, ಒಳಗಿನ ಡಿಸ್ಕಿನ ಸಾಲು ಇರಲಿಲ್ಲ. ಡಿಸ್ಕ್ ಕೆಟ್ಟಿದ್ದರೆ ವಿಂಡೋಸ್ ಓಡುತ್ತಿರಲಿಲ್ಲ. ಅದು ಬೆಳಿಗ್ಗೆ ತಾನೇ ಓಡಿದೆ. ಹಾಗಾದರೆ ಡಿಸ್ಕ್ ಇದೆ, ಯಾರೋ ಮರೆಮಾಡಿದ್ದಾರೆ.

ಮರೆಮಾಡಿರುವುದು ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಎಂಬ ಏರ್ಪಾಡು. ಕಂಪನಿಯಿಂದ ಬರುವಾಗಲೇ ಎಷ್ಟೋ ಲ್ಯಾಪ್‌ಟಾಪುಗಳ ಬಯಾಸಿನಲ್ಲಿ ಸ್ಟೋರೇಜ್ ‘ರೇಡ್’ (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ) ಸ್ಥಿತಿಯಲ್ಲಿರುತ್ತದೆ, ಒಳಗೆ ಒಂದೇ ಡಿಸ್ಕ್ ಇದ್ದರೂ. ಆಗ ಎನ್‌ವಿಎಂಇ ಡಿಸ್ಕ್ ಸಾಟಾ ಎಂಬ ಹಳೆಯ ಬಗೆಯ ಡಿಸ್ಕುಗಳ ಕಂಟ್ರೋಲರಿನ ಹಿಂದೆ ಹೋಗಿ ಕೂರುತ್ತದೆ. ಅದನ್ನು ಅಲ್ಲಿಂದ ಹೊರಗೆಳೆಯುವ ಡ್ರೈವರ್ ವಿಂಡೋಸಿಗೆ ಉಂಟು, ಲಿನಕ್ಸಿಗಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಸುಮ್ಮನಿರುವುದಿಲ್ಲ ಅನ್ನುವುದೇ ಸಮಾಧಾನ. ಅದರ ಸಂದೇಶಗಳಲ್ಲಿ ‘ರೀಮ್ಯಾಪ್ ಆದ ಎನ್‌ವಿಎಂಇ ಒಂದು ಸಿಕ್ಕಿದೆ, ಬಳಸಬೇಕಿದ್ದರೆ ಬಯಾಸನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ’ ಎಂಬರ್ಥದ ಸಾಲೊಂದು ಇರುತ್ತದೆ. ರೀಮ್ಯಾಪ್ ಅಂದರೆ ಹಾಗೆ ಹಿಂದೆ ಕೂರಿಸಿದ್ದು, ಎಎಚ್‌ಸಿಐ ಅಂದರೆ ರೇಡ್ ಇಲ್ಲದ ಸಾದಾ ಸ್ಥಿತಿ. ಮೇಷ್ಟ್ರು ಹುಡುಕಿ ಅದನ್ನೂ ಓದಿದರು. “ಕಾರಣಾನೂ ಅದೇ ಹೇಳ್ತಿದೆ, ಉತ್ತರಾನೂ ಅದೇ ಹೇಳ್ತಿದೆ. ಇದನ್ನ ಮುಂದೆ ತಂದು ತೋರಿಸೋಕೆ ಇವರಿಗೇನು ಕಷ್ಟ?” ಅಂದರು. ನ್ಯಾಯವಾದ ಮಾತು. ಉಬುಂಟು ಇನ್‌ಸ್ಟಾಲರ್ ಈಗ ಇದನ್ನು ಮುಖಕ್ಕೇ ಹೇಳುತ್ತದೆ. ಮೇಷ್ಟ್ರು ಹಾಕುತ್ತಿದ್ದದ್ದು ಬೇರೆ ಡಿಸ್ಟ್ರೋ, ಅಂದರೆ ಲಿನಕ್ಸಿನ ಬೇರೆ ಬಗೆ.

ಇಲ್ಲಿ ಅವಸರಪಟ್ಟವರು ಕೆಡುತ್ತಾರೆ. ನೇರವಾಗಿ ಬಯಾಸಿಗೆ ಹೋಗಿ ರೇಡ್ ತೆಗೆದು ಎಎಚ್‌ಸಿಐ ಮಾಡಿದರೆ ಲಿನಕ್ಸಿಗೆ ಡಿಸ್ಕ್ ಕಾಣುತ್ತದೆ ನಿಜ, ವಿಂಡೋಸ್ ಮಾತ್ರ ನೀಲಿ ಪರದೆ ತೋರಿಸಿ ಮಲಗುತ್ತದೆ. ಮೇಷ್ಟ್ರಿಗೆ ವಿಂಡೋಸೂ ಉಳಿಯಬೇಕಿತ್ತು. ಆದ್ದರಿಂದ ಸುತ್ತುದಾರಿ: ಮೊದಲು ವಿಂಡೋಸಿನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಎಂಬಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕುವುದು, ರೀಸ್ಟಾರ್ಟ್ ಮಾಡಿ ಬಯಾಸಿಗೆ ಹೋಗಿ ಎಎಚ್‌ಸಿಐಗೆ ಬದಲಿಸುವುದು, ವಿಂಡೋಸ್ ಸೇಫ್ ಮೋಡಿನಲ್ಲಿ ಏಳಲು ಬಿಡುವುದು. ಆ ಸಲ ಏಳುವಾಗ ಅದು ಹೊಸ ಡ್ರೈವರನ್ನು ತಾನೇ ಹಾಕಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಇದನ್ನು ಹೇಳಿಕೊಡುವ ಎಷ್ಟೋ ಜನ ಬಿಟ್ಟುಬಿಡುವ ಒಂದು ಸಂಗತಿ ಇದೆ. ಸೇಫ್ ಮೋಡಿನಲ್ಲಿ ನಾಲ್ಕಂಕಿಯ ಪಿನ್ ಎಷ್ಟೋ ಸಲ ನಡೆಯುವುದಿಲ್ಲ, ಅಕೌಂಟಿನ ಅಸಲಿ ಪಾಸ್‌ವರ್ಡೇ ಬೇಕಾಗುತ್ತದೆ. ಪಿನ್ ಹೊಡೆದೇ ವರ್ಷಗಳನ್ನು ಕಳೆದವರಿಗೆ ಆ ಪಾಸ್‌ವರ್ಡ್ ಎಲ್ಲಿ ನೆನಪಿರಬೇಕು? ಮೇಷ್ಟ್ರಿಗೆ ಮೊದಲೇ ಹೇಳಿದ್ದೆ. ಅವರು ಹಳೆಯ ಡೈರಿ ತೆಗೆದು, ಹುಡುಕಿ, ಒಂದು ಸಲ ಅದರಿಂದಲೇ ಲಾಗಿನ್ ಆಗಿ ಖಾತ್ರಿ ಮಾಡಿಕೊಂಡು ಆಮೇಲೆ ಮುಂದುವರಿದರು. ಡಿಸ್ಕ್ ಬಂತು. ಉಳಿದದ್ದು ಸಲೀಸು.

ಮಧ್ಯಾಹ್ನ ಅಕ್ಕನ ಮಗ. ಇವನದು ಮೇಷ್ಟ್ರಿಗೆ ತದ್ವಿರುದ್ಧ.

“ಮಾಮ, ಗ್ರಾಫಿಕ್ಸ್ ಕೆಲಸ ಮಾಡ್ತಿಲ್ಲ. ಲಿನಕ್ಸ್ ಸರಿ ಇಲ್ಲ.”

“ಇನ್‌ಸ್ಟಾಲ್ ಆದ್ಮೇಲೆ ಏನೇನು ಬಂತೋ?”

“ಏನೋ ನೀಲಿ ಬಣ್ಣದ್ದು ಬಂತು, ಹೋಯ್ತು.”

ಆ ‘ಏನೋ ನೀಲಿ ಬಣ್ಣದ್ದು’ ಇಡೀ ಕತೆಯ ಕೀಲಿ. ಅವನದು ಎನ್‌ವಿಡಿಯಾ ಕಾರ್ಡ್ ಇರುವ ಡೆಸ್ಕ್‌ಟಾಪ್, ಸೆಕ್ಯೂರ್ ಬೂಟ್ (ಏಳುವಾಗ ಸಹಿ ನೋಡಿಯೇ ಪ್ರೋಗ್ರಾಂಗಳನ್ನು ಒಳಬಿಡುವ ಕಾವಲು) ಆನ್ ಇದೆ. ಸೆಕ್ಯೂರ್ ಬೂಟ್ ಇದ್ದಾಗ ಕರ್ನಲ್ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಎನ್‌ವಿಡಿಯಾ ಡ್ರೈವರನ್ನು ನಮ್ಮ ಮಷೀನಿನಲ್ಲೇ ಕಟ್ಟಿದಾಗ ಅದಕ್ಕೆ ನಮ್ಮದೇ ಒಂದು ಕೀಲಿಯಿಂದ ಸಹಿಯಾಗುತ್ತದೆ. ಆ ಕೀಲಿ ನಂಬಿಕಸ್ಥ ಎಂದು ಫರ್ಮ್‌ವೇರ್ (ಲಿನಕ್ಸ್ ಏಳುವ ಮೊದಲಿನ) ಹಂತದಲ್ಲಿ ಕೂತು ಒಪ್ಪಿಗೆ ಕೊಡಬೇಕಾದವರು ನಾವು. ಅದಕ್ಕೇ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಇಡಿಸಿಕೊಳ್ಳುತ್ತದೆ. ಮುಂದಿನ ಬೂಟಿನಲ್ಲಿ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಎಂದು ಹತ್ತು ಸೆಕೆಂಡ್ ಎಣಿಸುತ್ತದೆ. ಒತ್ತಿದರೆ ‘ಎನ್‌ರೋಲ್ ಮೋಕ್’, ಅಂದರೆ ಕೀಲಿ ನೋಂದಾಯಿಸು ಎಂಬುದನ್ನು ಆರಿಸಿ, ಮುಂದುವರಿದು, ಅದೇ ಪಾಸ್‌ವರ್ಡ್ ಕೊಡಬೇಕು. ಒತ್ತದಿದ್ದರೆ ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಡ್ರೈವರ್ ಹೊರಗೇ ಉಳಿಯುತ್ತದೆ. ಟೀ ಹಾಕಿಕೊಳ್ಳಲು ಎದ್ದು ಹೋದವನಿಗೆ ಅದು ಕಾಣುವುದೂ ಇಲ್ಲ. ಹತ್ತು ಸೆಕೆಂಡು ಯಾರು ನಿಗದಿ ಮಾಡಿದರೋ, ಅವರ ಮನೆಗೆ ಹೊಸಬರು ಯಾರೂ ಫೋನ್ ಮಾಡುವುದಿಲ್ಲ ಅಂತ ಕಾಣುತ್ತದೆ.

ಮೋಕ್‌ಯುಟಿಲ್ ಆದೇಶದಿಂದ ಆ ಕೋರಿಕೆಯನ್ನು ಮತ್ತೆ ಹಾಕಿಸಿದೆ. ಹೊಸದಾಗಿ ಪಾಸ್‌ವರ್ಡ್ ಕೇಳಿತು. ಅಲ್ಲೊಂದು ಗಲಾಟೆ.

“ಮಾಮ, ಕೀಬೋರ್ಡ್ ಸತ್ತೋಯ್ತು. ಏನ್ ಹೊಡೆದ್ರೂ ಬೀಳ್ತಿಲ್ಲ.”

ಸತ್ತಿಲ್ಲ ಮಾರಾಯ. ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಸಾಮಾನ್ಯವಾಗಿ ಚುಕ್ಕಿಯೂ ಮೂಡುವುದಿಲ್ಲ. ಕಣ್ಣುಮುಚ್ಚಿ ಹೊಡೆದು ಎಂಟರ್ ಒತ್ತಬೇಕು, ಅಷ್ಟೇ. ಈ ಸಲ ಪರದೆಯ ಮುಂದೆಯೇ ಕೂರಿಸಿ, ಬಂದದ್ದನ್ನೆಲ್ಲ ಫೋಟೋ ತೆಗೆದು ಕಳಿಸು ಅಂದೆ. ಡ್ರೈವರ್ ಬಂತು. ‘ಲಿನಕ್ಸ್ ಸರಿ ಇಲ್ಲ’ ಅಂದ ಮಾತನ್ನು ಅವನೇನೂ ವಾಪಸ್ ತೆಗೆದುಕೊಳ್ಳಲಿಲ್ಲ, ಆಟ ಆಡಲು ಹೋದ.

ಅಂದ ಹಾಗೆ, ಪರದೆ ಪೂರ್ತಿ ಕಪ್ಪಾಗಿ ಇನ್‌ಸ್ಟಾಲರ್ ತನಕವೂ ಹೋಗಲಾಗದವರಿಗೆ ಬೇರೆ ದಾರಿ ಇದೆ. ಶುರುವಿನಲ್ಲಿ ಏನನ್ನು ಓಡಿಸಲಿ ಎಂದು ಕೇಳುವ ಗ್ರಬ್ ಮೆನು ಬಂದಾಗ ‘ಸೇಫ್ ಗ್ರಾಫಿಕ್ಸ್’ ಅಂತ ಇದ್ದರೆ ಅದನ್ನೇ ಆರಿಸುವುದು. ಇಲ್ಲದಿದ್ದರೆ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತುವುದು. ಹಾಗೆ ಬರೆದದ್ದು ಆ ಒಂದು ಬೂಟಿಗೆ ಮಾತ್ರ, ಯಾವ ಫೈಲಿಗೂ ಹೋಗಿ ಕೂರುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಬೇಕು. ಶಾಶ್ವತವಾಗಿ ಏನೋ ಕೆಡಿಸಿಬಿಡುತ್ತೇನೆ ಎಂಬ ಭಯಕ್ಕೇ ಎಷ್ಟೋ ಜನ ‘ಇ’ ಒತ್ತುವುದಿಲ್ಲ.

ಸಂಜೆ ಬಂದದ್ದು ನಿಜಕ್ಕೂ ಎದೆ ಝಲ್ ಅನ್ನಿಸುವಂಥದ್ದು. ಆಫೀಸಿನ ಮೇಡಂ ಒಬ್ಬರು, ಮಗಳ ಓದಿಗೆಂದು ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಲು ಹೊರಟಿದ್ದಾರೆ. ಯಾವುದೋ ವಿಡಿಯೋ ನೋಡಿ, ಲಿನಕ್ಸಿಗೆ ಸೆಕ್ಯೂರ್ ಬೂಟ್ ಆಗಿಬರುವುದಿಲ್ಲ ಅಂತ ಬಯಾಸಿನಲ್ಲಿ ಅದನ್ನು ಆಫ್ ಮಾಡಿದ್ದಾರೆ. ಈಗ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತಿದೆ.

“ನಾನು ಬಿಟ್‌ಲಾಕರ್ ಅಂತ ಹಾಕ್ಕೊಂಡೇ ಇಲ್ಲ ಸರ್.”

ನೀವು ಹಾಕಿಕೊಂಡಿಲ್ಲ ಮೇಡಂ, ಅದೇ ಹಾಕಿಕೊಂಡಿದೆ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಮೊದಲ ಸಲ ಲಾಗಿನ್ ಆದ ಕೂಡಲೇ ಡಿಸ್ಕಿಗೆ ಈ ಬಿಟ್‌ಲಾಕರ್ ಎಂಬ ಬೀಗ ಬೀಳುತ್ತದೆ. ಕೀಲಿ ಟಿಪಿಎಂ ಚಿಪ್ಪಿನ ವಶದಲ್ಲಿರುತ್ತದೆ. ಸೆಕ್ಯೂರ್ ಬೂಟ್ ಬದಲಾದರೆ ಯಾರೋ ಕೈಯಾಡಿಸಿದ್ದಾರೆಂದು ಚಿಪ್ ಕೀಲಿ ಕೊಡುವುದಿಲ್ಲ. ಮೊದಲು ಹೇಳಿದ್ದು ಏನನ್ನೂ ಅಳಿಸಬೇಡಿ, ರೀಸೆಟ್ ಒತ್ತಬೇಡಿ, ಬದಲಿಸಿದ್ದನ್ನು ಮೊದಲಿದ್ದ ಹಾಗೇ ಮಾಡಿ ಎಂದು. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದ ಮೇಲೆ ವಿಂಡೋಸ್ ತೆಪ್ಪಗೆ ತೆರೆಯಿತು. ಆ ಕೀ ಅವರ ಮೈಕ್ರೋಸಾಫ್ಟ್ ಅಕೌಂಟಿನ ಪುಟದಲ್ಲೂ ಇತ್ತು. ಪರದೆಯ ಮೇಲಿದ್ದ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದಿಸಿ ನೋಡಿ ಕಾಗದದ ಮೇಲೆ ಬರೆಸಿದೆ. ಅದೇ ಲ್ಯಾಪ್‌ಟಾಪಿನಲ್ಲಿ ಫೈಲ್ ಮಾಡಿ ಇಟ್ಟುಕೊಳ್ಳುತ್ತೇನೆ ಅಂದರು. ಬೇಡ ಅಂದೆ.

ಸಿಟ್ಟು ಬಂದದ್ದು ಆ ವಿಡಿಯೋ ಮಾಡಿದವರ ಮೇಲೆ. ಉಬುಂಟು, ಫೆಡೋರಾ, ಮಿಂಟ್ ಮೂರೂ ಸೆಕ್ಯೂರ್ ಬೂಟ್ ಇದ್ದ ಹಾಗೇ ಏಳುತ್ತವೆ. ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಇರುವುದೇ ಅದಕ್ಕೆ. ಹತ್ತು ವರ್ಷದ ಹಿಂದಿನ ಸಲಹೆಯನ್ನು ಹೊಸ ಥಂಬ್‌ನೇಲ್ ಹಾಕಿ ಮಾರುತ್ತಾರೆ, ಅನುಭವಿಸುವವರು ಇವರು. ಇದರ ಒಡಹುಟ್ಟಿದ ಇನ್ನೊಂದು ಸಲಹೆ ‘ಬೇರೆ ಡಿಸ್ಟ್ರೋ ಹಾಕಿ ನೋಡಿ’. ಡಿಸ್ಕ್ ಕಾಣದಿರುವುದು ಬಯಾಸಿನ ದೆಸೆಯಿಂದ ಎಂದಾದರೆ ಡಿಸ್ಟ್ರೋ ಬದಲಿಸಿ ಆಗುವುದೇನು? ಕಾರಣ ಹುಡುಕುವ ಸೋಮಾರಿತನಕ್ಕೆ ಅನುಭವದ ವೇಷ, ಅಷ್ಟೇ.

ಮೇಡಂಗೆ ಇವತ್ತು ಇನ್‌ಸ್ಟಾಲ್ ಮಾಡಿಸಲಿಲ್ಲ. ಮೊದಲು ಫೋಟೋ, ಕಡತಗಳೆಲ್ಲ ಬೇರೆ ಡ್ರೈವಿಗೆ ಹೋಗಲಿ. ಆಮೇಲೆ ಬಿಟ್‌ಲಾಕರ್ ಬಿಚ್ಚಿ, ವಿಂಡೋಸಿನೊಳಗಿಂದಲೇ ಪಾರ್ಟಿಷನ್ (ಡಿಸ್ಕಿನ ಭಾಗ) ಕುಗ್ಗಿಸಿ ಜಾಗ ಮಾಡಿಕೊಳ್ಳಬೇಕು. ಪೆನ್‌ಡ್ರೈವನ್ನೂ ಹೊಸದಾಗಿ ಮಾಡಬೇಕು, ಏಕೆಂದರೆ ಐಎಸ್‌ಒ (ಲಿನಕ್ಸ್ ಇಡಿಯಾಗಿ ಒಂದೇ ಕಡತವಾಗಿ ಬರುವ) ಫೈಲನ್ನು ಅದರೊಳಗೆ ಸುಮ್ಮನೆ ಕಾಪಿ ಮಾಡಿಟ್ಟಿದ್ದರು. ಅದು ಹಾಗೆ ಬೂಟ್ ಆಗುವುದಿಲ್ಲ, ರೂಫಸ್‌ನಂಥ ಸಾಧನದಲ್ಲಿ ಬರೆಯಬೇಕು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದು ಮುಂದೆ ಬರೆದಿರುವುದನ್ನೇ ಆರಿಸಿ ಅಂತಲೂ ಹೇಳಿಟ್ಟಿದ್ದೇನೆ. ಇನ್ನೊಂದನ್ನು ಆರಿಸಿದರೆ ಲಿನಕ್ಸ್ ಹಳೇ ಪದ್ಧತಿಯಲ್ಲಿ, ವಿಂಡೋಸ್ ಹೊಸ ಪದ್ಧತಿಯಲ್ಲಿ ಕೂತು ಒಂದರ ಮುಖ ಒಂದು ನೋಡುವುದಿಲ್ಲ.

ರಾತ್ರಿ ಮೇಷ್ಟ್ರು ಮತ್ತೆ. ಲಿನಕ್ಸಿನಿಂದ ವಿಂಡೋಸಿನ ಡ್ರೈವ್ ತೆರೆಯುತ್ತದೆ, ಫೈಲು ಓದಬಹುದು, ಸೇವ್ ಆಗುತ್ತಿಲ್ಲ. ಇದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕೆಲಸ. ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆಯಲ್ಲಿ ಡ್ರೈವನ್ನು ಹಿಡಿದುಕೊಂಡೇ ಇರುತ್ತದೆ. ವಿಚಿತ್ರವೆಂದರೆ ರೀಸ್ಟಾರ್ಟ್ ಕೊಟ್ಟರೆ ಪೂರ್ತಿ ಬಿಡುತ್ತದೆ. ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆಸಿದೆ, ಸೇವ್ ಆಯಿತು. ಎರಡು ಸಿಸ್ಟಂಗಳ ನಡುವೆ ಗಡಿಯಾರವೂ ಹಿಂದುಮುಂದಾಗುತ್ತದೆ, ಅದು ಅವರ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಬಿದ್ದಾಗ ನೋಡಿಕೊಳ್ಳೋಣ.

ಫೋನ್ ಇಡುವ ಮುಂಚೆ ಕೇಳಿದರು, “ಪ್ರಿಂಟರ್‌ಗೆ ಡ್ರೈವರ್ ಎಲ್ಲಿಂದ ಇಳಿಸ್ಕೋಬೇಕು?” ಏನೂ ಇಳಿಸಬೇಡಿ, ಈಗಿನ ವೈಫೈ ಪ್ರಿಂಟರುಗಳಲ್ಲಿ ಬಹಳಷ್ಟು ಡ್ರೈವರೇ ಇಲ್ಲದೆ ನಡೆಯುತ್ತವೆ, ಆನ್ ಮಾಡಿ, ಸೆಟ್ಟಿಂಗ್ಸಿನ ಪ್ರಿಂಟರ್ ಪಟ್ಟಿಯಲ್ಲಿ ಹೆಸರು ತಾನಾಗಿ ಬರುತ್ತದೆಯೇ ನೋಡಿ ಅಂದೆ. ಬರಲಿಲ್ಲವಂತೆ. ಅದು ವೈಫೈನದಲ್ಲ, ಯುಎಸ್‌ಬಿ ವೈರಿನದು, ಹಳೆಯದು. ಹಿಂಭಾಗದ ಚೀಟಿಯಲ್ಲಿರುವ ಮಾಡೆಲ್ ನಂಬರನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ ಎಂದಿದ್ದೇನೆ. ಸೀರಿಯಲ್ ನಂಬರೂ ಬೇಕಾ ಎಂದು ಕೇಳಿದ್ದಾರೆ.